ಓಡಿ ಬನ್ನಿ ಸಿಸ್ಟರ್

ಕೂತು ಬರೆದು ನನಗೆ ಅಭ್ಯಾಸವಿಲ್ಲ. ಇಪ್ಪತ್ತು ವರ್ಷದಿಂದ ಊರೂರು ಸುತ್ತಿ ಜ್ವರ ಬಂದವರ ಬೆರಳು ಚುಚ್ಚಿದವನು, ಕುಡಿಯುವ ನೀರಿನ ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಸುರಿದವನು ನಾನು. ಕಾಗದದ ಮೇಲೆ ಆರೋಗ್ಯ ಸಹಾಯಕ; ಎಚ್.ಡಿ. ಕೋಟೆ, ಸರಗೂರಿನ ಸುತ್ತಿನ ಹಳ್ಳಿಗಳ ಜನರ ಬಾಯಲ್ಲಿ ‘ಮಲೇರಿಯಾ ಸಾರು’. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಗೇಟಿನ ತನಕ ಹೋಗಿ ಬಂದಿದ್ದೇನೆ. ಗೇಟಿನ ಹತ್ತಿರ ಏನೂ ಇಲ್ಲ. “ಕಾಲ್ಗೆ ಚಕ್ರ ಕಟ್ಕಂಡು ಹುಟ್ಟಿದ್ದೀರಿ” ಎಂದು ನನ್ನ ಹೆಂಡತಿ ಬೈಯುತ್ತಾಳೆ. ಅದು ನಿಜವೇ.

ಮೊನ್ನೆ ಬೆಳಿಗ್ಗೆ ಕೇರಳದ ಮಾನಂತವಾಡಿಯಿಂದ ಫೋನ್ ಬಂತು. ನಮ್ಮ ಆರೋಗ್ಯ ಉಪಕೇಂದ್ರದಲ್ಲಿ ನರ್ಸಾಗಿದ್ದ ಸಿಸ್ಟರ್ ತೀರಿಕೊಂಡರಂತೆ. ಮಾತಾಡಿದವನು ಅವರ ತಂಗಿಯ ಮಗ. ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ, “ಹಿಂದಿನ ದಿವಸದ ತನಕ ಓಡಾಡಿಕೊಂಡೇ ಇದ್ರು ಸಾರ್” ಎಂದ. ಸತ್ತವರ ಬಗ್ಗೆ ಎಲ್ಲರೂ ಹೇಳುವ ಮಾತೇ. ಆದರೆ ಸಿಸ್ಟರ್ ವಿಷಯದಲ್ಲಿ ಆ ಮಾತು ಕೇಳಿ ನನಗೆ ಒಂಥರಾ ಆಯಿತು. ಫೋನಿಟ್ಟು ತಿರುಗಿದರೆ ಹೆಂಡತಿ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದಳು. ನಾನು ಸಿಸ್ಟರಿಗೆ ಹೇಳಬೇಕಾಗಿದ್ದ ಒಂದು ಮಾತು ಇತ್ತು. ಅದನ್ನು ಹತ್ತು ವರ್ಷ ನಾಲಿಗೆ ಮೇಲೆ ಇಟ್ಟುಕೊಂಡು ಊರೆಲ್ಲ ತಿರುಗಿದವನು ನಾನು. ಅದು ನನ್ನ ಹೆಂಡತಿಗೆ ಗೊತ್ತು.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ನಮ್ಮ ಕಡೆ ಯಾರಿಗೂ ಗುರುತು ಹತ್ತುವುದಿಲ್ಲ. ದೊಡ್ಡವರಿಗೆ ಸಿಸ್ಟ್ರು, ಮುದುಕಿಯರಿಗೆ ನರ್ಸಮ್ಮ, ಮಕ್ಕಳಿಗೆ ಸೂಜಿ ಅಮ್ಮ. ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ.

ನಾನು ಆ ಉಪಕೇಂದ್ರಕ್ಕೆ ವರ್ಗವಾಗಿ ಬಂದಾಗ ತೊಂಬತ್ತರ ದಶಕ ಶುರುವಾಗಿತ್ತು, ಅವರಿಗೆ ನಲವತ್ತೈದರ ಹತ್ತಿರ. ಬಿಳಿ ಸೀರೆ, ನೀಲಿ ಅಂಚು, ತಲೆಗೆ ಕೊಬ್ಬರಿ ಎಣ್ಣೆ. ಕೈಯಲ್ಲಿ ಒಂದು ಕಂದು ಬಣ್ಣದ ಹೆರಿಗೆ ಬ್ಯಾಗು. ಅದನ್ನು ಹೆಗಲಿಗೆ ಹಾಕುತ್ತಿರಲಿಲ್ಲ, ಒಂದು ಕೈಯಲ್ಲಿ ತೂಗಾಡಿಸುತ್ತಲೂ ಇರಲಿಲ್ಲ. ಎರಡು ಕೈಯಲ್ಲೂ ಹೊಟ್ಟೆಗೆ ಒತ್ತಿ ಹಿಡಿದು, ಒಂದು ಅಂಗೈಯನ್ನು ಅದರ ತಳಕ್ಕೆ ಕೊಟ್ಟು ನಡೆಯುವರು. ಬಾಣಂತಿ ಕೂಸು ಹಿಡಿದುಕೊಳ್ಳುವುದಿಲ್ಲವೇ, ಹಾಗೆ. “ಕೊಡಿ, ನಾನು ಹಿಡ್ಕೊತೀನಿ” ಅಂದರೆ, “ಬೇಡ ತಮ್ಮಾ” ಎಂದು ಮುಗಿಸುವರು.

ನಾನು ಬಂದ ಮೊದಲ ವಾರವೇ ನೋಡಿದ್ದು. ಹೊಗೆಸೊಪ್ಪು ಕೀಳುತ್ತಿದ್ದವನು ಅಂಟು ಕೈಯಲ್ಲೇ ಹೊಲದಿಂದ ಓಡಿ ಬಂದಿದ್ದ. ಏದುಸಿರು. “ಓಡ್ ಬನ್ನಿ ಸಿಸ್ಟ್ರೇ, ನಮ್ಮೋಳ್ಗೆ ಬ್ಯಾನೆ ಬಂದ್ಬುಡ್ತು, ಓಡ್ ಬನ್ನಿ!” ಸಿಸ್ಟರ್ ಎದ್ದರು. ಬ್ಯಾಗು ತೆಗೆದುಕೊಂಡು ಹೊಸ್ತಿಲ ಮೇಲೆ ನಿಂತು ಅದರ ಬಾಯಿ ತೆರೆದರು. ಒಂದೊಂದನ್ನೇ ಬೆರಳಲ್ಲಿ ಮುಟ್ಟಿದರು: ಹತ್ತಿ, ದಾರ, ಬ್ಲೇಡು, ಗಾಜಿನ ಸಿರಿಂಜು, ಇಂಜೆಕ್ಷನ್ನಿನ ಎರಡು ಪುಟ್ಟ ಗಾಜಿನ ಶೀಷೆ. ಪ್ರತಿಯೊಂದಕ್ಕೂ ತುಟಿ ಅಲ್ಲಾಡುತ್ತಿತ್ತು. ಅವನು ಅಂಗಳದಲ್ಲಿ ಕಾದ ಹೆಂಚಿನ ಮೇಲೆ ನಿಂತವನಂತೆ ಕುಣಿಯುತ್ತಿದ್ದ. ಬ್ಯಾಗು ಮುಚ್ಚಿದರು, ಬಾಗಿಲಿಗೆ ಬೀಗ ಹಾಕಿದರು, ಬೀಗವನ್ನು ಎರಡು ಸಲ ಎಳೆದು ನೋಡಿದರು. ಆಮೇಲೆ ನಡೆದರು. ಬಿರುಸಾದ ನಡಿಗೆಯೇ, ಸುಳ್ಳು ಹೇಳಬಾರದು. ಆದರೆ ಓಟವಲ್ಲ. ಅವನು ಇಪ್ಪತ್ತು ಹೆಜ್ಜೆ ಓಡುವುದು, ನಿಂತು ಹಿಂದೆ ನೋಡುವುದು, ಮತ್ತೆ ಓಡುವುದು. ನನಗೆ ಆ ಹೊತ್ತಿಗೇ ಅವರ ಮೇಲೆ ಸಿಟ್ಟು ಬಂತು. ಓಡುವವನಿಗೆ ನಡೆಯುವವರನ್ನು ಕಂಡರೆ ಆಗುವುದಿಲ್ಲ.

ಅವರು ಕನ್ನಡ ಕಲಿತದ್ದು ಒಂದು ನೋಟ್‌ಬುಕ್ಕಿನಲ್ಲಿ. ಕೇಳಿದ ಮಾತನ್ನು ಮಲಯಾಳ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಅರ್ಥ. ಅದರಲ್ಲಿ ‘ಓಡು’ ಎಂಬುದಕ್ಕೇ ಒಂದು ಇಡೀ ಪುಟ ಕೊಟ್ಟಿದ್ದರು. ಕೇಳಿದರೆ, “ಬಾವಲಿ ಗಡಿ ದಾಟಿ ನಿಮ್ಮ ಕಡೆ ಬಂದಾಗ ನಂಗೆ ಗೊತ್ತಿದ್ದಿದ್ದು ಇದೊಂದೇ ಮಾತು ತಮ್ಮಾ. ನಮ್ಮಲ್ಲಿ ಓಡಿ ವಾ, ನಿಮ್ಮಲ್ಲಿ ಓಡಿ ಬಾ. ಗೊತ್ತಿರೋ ಮಾತೇ ಅಂತ ಧೈರ್ಯವಾಗಿದ್ದೆ. ಆಮೇಲೆ ನೋಡಿದ್ರೆ ಅದೇ ಕಷ್ಟ” ಎಂದು ನಗುವರು.

ಆ ಪುಟ ತುಂಬಲು ನಾನೂ ಸಹಾಯ ಮಾಡಿದ್ದೇನೆ. ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ, ಗೋಡೆ ಹಿಡಿಯದೆ ಏಳಲಾರಳು. ಸಿಸ್ಟರ್ “ಹೇಗಿದ್ದೀರವ್ವ?” ಅಂದರೆ, “ಓಡಾಡ್ಕಂಡಿವ್ನಿ ಕಣವ್ವ, ದೇವ್ರು ಇಟ್ಟಂಗೆ” ಎಂದಳು. ಸಿಸ್ಟರ್ ನನ್ನ ಮುಖ ನೋಡಿದರು. “ಅಂದ್ರೆ ಇನ್ನೊಬ್ಬರ ಕೈಗೆ ಬಿದ್ದಿಲ್ಲ, ತನ್ನ ಕೆಲಸ ತಾನು ಮಾಡ್ಕೊತಾಳೆ ಅಂತ” ಎಂದು ಬಿಡಿಸಿ ಹೇಳಿದೆ. ಬರೆದುಕೊಂಡರು. ಇನ್ನೊಂದು ಸಲ ಜಗುಲಿ ಮೇಲೆ ಕೂತ ಹೆಂಗಸರು ದನಿ ತಗ್ಗಿಸಿ, “ಮೇಗ್ಲಟ್ಟಿ ಮನೆ ಉಡ್ಗಿ ಓಡೋದ್ಲಂತೆ ಕಣ್ರವ್ವ” ಎಂದರೆ, ಇವರು ಕಾಳಜಿಯಿಂದ, “ಯಾಕೆ, ಬಸ್ಸು ತಪ್ಪಿತ್ತಾ?” ಎಂದುಬಿಟ್ಟರು. ಜಗುಲಿಗೆ ಜಗುಲಿಯೇ ಬಿದ್ದೂ ಬಿದ್ದೂ ನಕ್ಕಿತು. ಅದೂ ನೋಟ್‌ಬುಕ್ಕಿಗೆ ಹೋಯಿತು. ಮಿಲ್ಲು ಓಡುವುದು, ಅಂಗಡಿ ಓಡುವುದು, ಟೆಂಟಿನಲ್ಲಿ ಸಿನಿಮಾ ಮೂರು ವಾರ ಓಡುವುದು, ದಡ್ಡನಿಗೆ ತಲೆ ಓಡದೆ ಇರುವುದು, ಒಂದು ಪಹಣಿ ಪತ್ರಕ್ಕೆ ತಾಲ್ಲೂಕಾಫೀಸಿಗೆ ಆರು ತಿಂಗಳು ಓಡಾಡುವುದು. “ನಿಮ್ಮೂರಲ್ಲಿ ಎಲ್ಲಾನೂ ಓಡ್ತದೆ ತಮ್ಮಾ. ಓಡದೆ ಇರೋಳು ನಾನೊಬ್ಬಳೇ” ಎನ್ನುವರು.

ಓಡದೆ ಇರುವುದರಿಂದ ಅವರಿಗೆ ಲಾಭವೂ ಇತ್ತು ಎನ್ನಬೇಕು. ಪೋಲಿಯೋ ಹನಿ ಹಾಕುವ ದಿನ ನಮ್ಮನ್ನು ಕಂಡರೆ ಹುಡುಗರು ಓಟ ಕೀಳುತ್ತಿದ್ದರು. ನಾನು ಬಿಡುವ ಪೈಕಿಯೇ? ಒಬ್ಬನನ್ನು ಹುಲ್ಲಿನ ಮೆದೆಗೆ ಮೂರು ಸುತ್ತು ಅಟ್ಟಿಸಿಕೊಂಡು ಹೋಗಿ ಕೊನೆಗೆ ತಿಪ್ಪೆಗುಂಡಿಗೆ ಬಿದ್ದೆ. ಮೊಣಕಾಲ ತನಕ ಸಗಣಿ. ಸಿಸ್ಟರ್ ಜಗುಲಿ ಮೇಲೆ ಕೂತು ಯಾರೋ ಕೊಟ್ಟ ಕಡಲೆಕಾಯಿ ಬಿಡಿಸಿಕೊಂಡು ತಿನ್ನುತ್ತಿದ್ದರು. ಹುಡುಗ ಮೆದೆಯ ಹಿಂದಿನಿಂದ ಇಣುಕಿದ. ಇವರು ಅವನತ್ತ ನೋಡಲೇ ಇಲ್ಲ. ಇನ್ನೊಂದು ಕಾಯಿ ಒಡೆದರು. ಅವನು ಬಂದ, ಇನ್ನೂ ಹತ್ತಿರ ಬಂದ, ಕೈ ಚಾಚಿದ. ಬಾಯಿಗೆ ಮೊದಲು ಹನಿ, ಆಮೇಲೆ ಕಡಲೆಬೀಜ. “ನೀನು ಓಡಿದ್ದಕ್ಕೆ ಅವನು ಓಡಿದ್ದು” ಎಂದು ನನಗೆ ಬುದ್ಧಿ ಹೇಳಿದರು. ಸಗಣಿ ಮೆತ್ತಿದ ಕಾಲಿನವನಿಗೆ ಬುದ್ಧಿ ರುಚಿಸುತ್ತದೆಯೇ?

ಈಗ ಆ ದಿನದ ವಿಷಯಕ್ಕೆ ಬರಬೇಕು. ಮಧ್ಯೆ ಎದ್ದು ಹೋಗಿ ನೀರು ಕುಡಿದು ಬಂದೆ.

ಊರಿನ ಹೆಸರು ಹೇಳುವುದಿಲ್ಲ, ಅಲ್ಲಿಯವರು ಇನ್ನೂ ನನ್ನ ಜೊತೆ ಮಾತಾಡುತ್ತಾರೆ. ಉಪಕೇಂದ್ರದಿಂದ ಎರಡು ಮೈಲಿ, ಎತ್ತಿನ ಗಾಡಿ ದಾರಿ. ಬಿಸಿಲೇರುವ ಹೊತ್ತು. ಆ ಊರಿನ ಬಾವಿಗೆ ಹಾಕಲು ಬ್ಲೀಚಿಂಗ್ ಪೌಡರಿನ ಮೂಟೆಯನ್ನು ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಹೊರಟಿದ್ದೆ. ಅರ್ಧ ದಾರಿಯಲ್ಲಿ ಮುಂದೆ ಒಬ್ಬ ಗಂಡಸು ಓಡುತ್ತಿದ್ದಾನೆ, ನಿಲ್ಲುತ್ತಿದ್ದಾನೆ, ಕೈ ಬೀಸಿ ಕರೆಯುತ್ತಿದ್ದಾನೆ. ಹಿಂದೆ ಬ್ಯಾಗನ್ನು ಹೊಟ್ಟೆಗೊತ್ತಿಕೊಂಡು ಸಿಸ್ಟರ್ ನಡೆಯುತ್ತಿದ್ದಾರೆ. ಅವನ ಹೆಂಡತಿಗೆ ಚೊಚ್ಚಲು ಹೆರಿಗೆ ಎಂದು ನನಗೆ ಗೊತ್ತಿತ್ತು. ಗಾಡಿಯ ವೇಗ ತಗ್ಗಿಸಿದೆ. ನಿಲ್ಲಿಸಲಿಲ್ಲ.

“ಇನ್ನೂ ಇಲ್ಲೇ ಇದ್ದೀರಾ? ಜೀವದ ವಿಷಯ ಸಿಸ್ಟರ್! ಓಡಿ, ಓಡಿ!”

ಹೀಗೆ ಕೂಗಿದೆ. ಅವರು ತಲೆಯೆತ್ತಿ “ತಮ್ಮಾ...” ಎಂದದ್ದು ಕೇಳಿಸಿತು. ಅದರ ಮುಂದಿನದು ಎಂಜಿನ್ನಿನ ಸದ್ದಿನಲ್ಲಿ ಹೋಯಿತು. ನಾನು ಗಾಡಿ ಏರಿಸಿಕೊಂಡು ಹೊರಟುಹೋದೆ.

ಯಾಕೆ ನಿಲ್ಲಿಸಲಿಲ್ಲ? ಹಿಂದೆ ಮೂಟೆ ಇತ್ತು ಅಂತ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೆಂಗಸು ನನ್ನ ಗಾಡಿ ಮೇಲೆ ಕೂರುತ್ತಾರೋ ಇಲ್ಲವೋ ಎಂಬ ಸಂಕೋಚ ಅಂತಲೂ ಹೇಳಿಕೊಂಡಿದ್ದೇನೆ. ಎರಡೂ ಆಮೇಲೆ ಹುಟ್ಟಿದ ನೆಪ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿದ್ದದ್ದು ಸಿಟ್ಟು ಮಾತ್ರ. ಓಡಲಿ, ಒಂದು ದಿನವಾದರೂ ಈ ಯಮ್ಮ ಓಡಲಿ ಎಂಬ ಸಿಟ್ಟು.

ಬಾವಿ ಇದ್ದದ್ದು ಅದೇ ಮನೆಯ ಹಿತ್ತಲಿನ ಪಕ್ಕ. ನಾನು ಬಕೆಟ್ಟಿನಲ್ಲಿ ಪುಡಿ ಕಲಸುತ್ತಿದ್ದೆ, ಒಳಗೆ ಆ ಹುಡುಗಿ ಕೂಗುತ್ತಿದ್ದಳು, ಮುದುಕಿಯರು ಸಮಾಧಾನ ಹೇಳುತ್ತಿದ್ದರು. ನಾನು ಬಂದ ಕಾಲು ಗಂಟೆಯ ಮೇಲೆ ಸಿಸ್ಟರ್ ಬಂದರು. ಅಷ್ಟು ಹೊತ್ತಿಗೆ ಕೂಸು ಹೊರಗೆ ಬಂದಿತ್ತು, ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಸಿಸ್ಟರ್ ಬಹಳ ಹೊತ್ತು ಅದರ ಬಾಯಿಗೆ ಬಾಯಿಟ್ಟು ಊದಿದರು. ಗಂಡು ಕೂಸು. ಅಳಲೇ ಇಲ್ಲ. ತಾಯಿ ಉಳಿದಳು.

ಆ ಕಾಲು ಗಂಟೆ ಮೊದಲೇ ಸಿಸ್ಟರ್ ಬಂದಿದ್ದರೆ ಕೂಸು ಉಳಿಯುತ್ತಿತ್ತೇ? ಆಮೇಲೆ ನಮ್ಮ ಡಾಕ್ಟರನ್ನು ಸುತ್ತಿಬಳಸಿ ಕೇಳಿದೆ. “ಹೇಳಕ್ಕಾಗಲ್ಲ ಕಣ್ರೀ. ಉಳೀಬೋದಿತ್ತು, ಇಲ್ದೆನೂ ಇರ್ಬೋದಿತ್ತು” ಎಂದರು. ಆ ಉತ್ತರ ಇವತ್ತಿಗೂ ನನ್ನನ್ನು ಒಂದು ಕಡೆ ಕೂರಲು ಬಿಡುವುದಿಲ್ಲ.

ಊರಿನವರು ಸಿಸ್ಟರ್ ಮೇಲೆ ಅರ್ಜಿ ಕೊಟ್ಟರು. ಹೆಬ್ಬೆಟ್ಟುಗಳೇ ಒಂದು ಪುಟ ಇದ್ದವು. ವಿಚಾರಣೆಗೆ ತಾಲ್ಲೂಕಿನಿಂದ ಒಬ್ಬ ಅಧಿಕಾರಿ ಬಂದು ಆಸ್ಪತ್ರೆಯ ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕೂಸಿನ ಅಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಹೇಳಿದ: “ಮದ್ವೆ ಮನೆಗೆ ಬಂದಂಗೆ ನಡ್ಕಂಡ್ ಬಂದ್ರು ಸಾಮಿ. ಕಾಲಿಗ್ ಬಿದ್ದೆ, ಓಡಿ ಅಂತ. ಓಡ್ಲಿಲ್ಲ.” ಅವತ್ತು ಬಾವಿಯ ಹತ್ತಿರ ಇದ್ದವನು, ದಾರಿಯಲ್ಲಿ ನೋಡಿರಬೇಕು ಅಂತ ನನ್ನನ್ನೂ ಕರೆದರು; ಯಾವುದರಲ್ಲಿ ಬಂದೆ ಅಂತ ಕೇಳಲಿಲ್ಲ.

“ನೀವು ನೋಡಿದಾಗ ಓಡ್ತಿದ್ರೋ, ನಡೀತಿದ್ರೋ?”

“ನಡೀತಿದ್ರು ಸಾರ್.”

ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ. “ಎಷ್ಟು ಹೇಳಿದ್ರೂ ಓಡಲ್ಲ ಸಾರ್ ಅವ್ರು. ಯಾವತ್ತೂ ಓಡಿದ್ದು ನೋಡಿಲ್ಲ” ಎಂದೆ. ಗುಮಾಸ್ತ ಬರೆದುಕೊಂಡ.

ಅಧಿಕಾರಿ ಸಿಸ್ಟರ್ ಕಡೆ ತಿರುಗಿದರು. “ಯಾಕಮ್ಮ ಓಡಲಿಲ್ಲ?”

“ನಾನು ಓಡಲ್ಲ ಸಾರ್.”

“ಅದೇ, ಯಾಕೆ?”

ಸಿಸ್ಟರ್ ಕೂಸಿನ ಅಪ್ಪನ ಕಡೆ ನೋಡಿದರು. ಅಧಿಕಾರಿ ಇನ್ನೊಂದು ಪ್ರಶ್ನೆ ಹಾಕಿದರು. “ಹೋಗ್ಲಿ, ದಾರೀಲಿ ಯಾವ್ದೂ ಗಾಡಿ ಸಿಗ್ಲಿಲ್ವಾ?”

ಕೂಸಿನ ಅಪ್ಪ ತಲೆ ತಗ್ಗಿಸಿಕೊಂಡು ಅಳುತ್ತಿದ್ದ, ಅವನಿಗೆ ಪ್ರಶ್ನೆ ಕಿವಿಗೆ ಬಿದ್ದಿತೋ ಇಲ್ಲವೋ. ಅವತ್ತು ಅವನು ಮುಂದೆ ಓಡುತ್ತಿದ್ದವನು, ಪಕ್ಕದಲ್ಲಿ ಹೋದ ಗಾಡಿ ಯಾರದು ಎಂದು ನೋಡುವ ಸ್ಥಿತಿಯಲ್ಲಿರಲಿಲ್ಲ. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಸಿಸ್ಟರ್ ನನ್ನ ಕಡೆ ತಿರುಗಲಿಲ್ಲ.

“ಇಲ್ಲ ಸಾರ್” ಎಂದರು.

ಮೆಮೊ ಬಂತು. ಅದಕ್ಕಿಂತ ದೊಡ್ಡ ಶಿಕ್ಷೆ ಊರಿನದು. ಆ ಊರಿನವರು ಒಂದು ವರ್ಷ ಅವರನ್ನು ಕರೆಯಲೇ ಇಲ್ಲ. ಅವರು ಲಸಿಕೆಗೆ ಅಂತ ಹೋದರೆ ಜಗುಲಿ ಮೇಲಿದ್ದ ಹೆಂಗಸರು ಎದ್ದು ಒಳಗೆ ಹೋಗುತ್ತಿದ್ದರು. ಸಿಸ್ಟರ್ ಆ ಖಾಲಿ ಜಗುಲಿ ಮೇಲೆ ಅರ್ಧ ಗಂಟೆ ಕೂತು, ಎದ್ದು ಬರುವರು. ಮುಂದಿನ ವಾರ ಮತ್ತೆ ಹೋಗುವರು. ನನ್ನ ಜೊತೆ ಎಂದಿನಂತೆಯೇ ಇದ್ದರು. ತಮ್ಮಾ ಎನ್ನುವರು, ಮರಗೆಣಸು ಬೇಯಿಸಿದ ದಿನ ತಟ್ಟೆಯಲ್ಲಿ ಹಾಕಿ ಕೊಡುವರು. ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅದನ್ನೂ ಮಾಡಲಿಲ್ಲವಲ್ಲ, ಪುಣ್ಯಾತ್ಗಿತ್ತಿ!

ಒಂದೂವರೆ ವರ್ಷ ಕಳೆಯಿತು. ನನ್ನ ಹೆಂಡತಿ ತುಂಬಿದ ಬಸುರಿ. ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಎರಡು ವಾರವಿತ್ತು, ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಅಂತ ಮಾತಾಗಿತ್ತು. ನೋವಿಗೆ ಕ್ಯಾಲೆಂಡರ್ ಗೊತ್ತೇ? ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದವಳು ಅಲ್ಲೇ ಕುಸಿದು ಕೂತಳು. ನನ್ನ ಮೊಪೆಡ್ಡು ಹಿಂದಿನ ದಿನದಿಂದ ಸರಗೂರಿನ ಮೆಕ್ಯಾನಿಕ್ ಹತ್ತಿರ ಬಿಚ್ಚಿಕೊಂಡು ಬಿದ್ದಿತ್ತು. ಅವಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಒಂದೇ ಉಸಿರಿಗೆ ಉಪಕೇಂದ್ರಕ್ಕೆ ಓಡಿದೆ.

“ಸಿಸ್ಟರ್, ಓಡಿ ಬನ್ನಿ!”

ನನ್ನ ಬಾಯಲ್ಲೂ ಅದೇ ಮಾತು. ಸಿಸ್ಟರ್ ಹೊಸ್ತಿಲ ಮೇಲೆ ನಿಂತು ಬ್ಯಾಗು ತೆರೆದರು. ಹತ್ತಿ, ದಾರ, ಬ್ಲೇಡು, ಸಿರಿಂಜು, ಎರಡು ಶೀಷೆ. ಬೀಗ ಎರಡು ಸಲ ಎಳೆದರು. ನಾನು ಅಂಗಳದಲ್ಲಿ ಕುಣಿಯುತ್ತಿದ್ದೆ, ಆ ಹೊಗೆಸೊಪ್ಪಿನವನಂತೆಯೇ. ದಾರಿಯಲ್ಲಿ ಬೇಡಿಕೊಂಡೆ, ಕೂಗಾಡಿದೆ, ಕೊನೆಗೆ ಬಾಯಿಗೆ ಬಂದಂತೆ ಬೈದೆ. “ಆ ಬ್ಯಾಗಾದ್ರೂ ಕೊಡಿ, ನಾನೇ ತಗೊಂಡು ಓಡ್ತೀನಿ” ಎಂದು ಕೈ ಹಾಕಿ ಎಳೆದೆ. ಅವರು ಬಿಡಲಿಲ್ಲ. ಬಲಿಷ್ಠ ಕೈ. “ತಮ್ಮಾ, ನೀನು ಮುಂದೆ ಹೋಗಿ ನೀರು ಕಾಯ್ಸು. ಬ್ಯಾಗು ನನ್ನ ಜೊತೆ ಬರ್ತದೆ” ಎಂದು, ಅದೇ ಹೆಜ್ಜೆಯಲ್ಲಿ ನಡೆದರು.

ಕೂಸು ಚೆನ್ನಾಗಿಯೇ ಹುಟ್ಟಿತು. ಹೆಣ್ಣು. ಅದರ ಅಳು ಕೇಳಿ ನಾನು ಹಿತ್ತಲಲ್ಲಿ ಕೂತು ಬಿಕ್ಕಿದೆ. ಆಮೇಲೆ ಪಕ್ಕದ ಮನೆಯಾಕೆ ಹೊರಗೆ ಬಂದು, “ರಕ್ತ ನಿಲ್ತಾ ಇಲ್ಲ ಕಣಪ್ಪ” ಎಂದಳು. ಒಳಗೆ ನುಗ್ಗಿದೆ. ಇಂಥದ್ದರಲ್ಲಿ ಮೈಸೂರು ಮುಟ್ಟುವ ಮಾತು ಎಲ್ಲಿಯದು? ಸಿಸ್ಟರ್ ಬ್ಯಾಗಿಗೆ ಕೈ ಹಾಕಿ ಒಂದು ಶೀಷೆ ತೆಗೆದರು. ಕಿರುಬೆರಳಿನಷ್ಟು ಗಾಜು. ಬೆಳಕಿಗೆ ಹಿಡಿದು ನೋಡಿದರು, ಅದರ ಕೊರಳನ್ನು ಟಕ್ಕನೆ ಮುರಿದರು, ಸಿರಿಂಜಿಗೆ ಎಳೆದುಕೊಂಡರು. ಅವರ ಕೈ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ರಕ್ತ ನಿಂತಿತು.

ಅಡಿಗೆಮನೆಯಲ್ಲಿ ಅವರಿಗೆ ನಾನೇ ಕಾಫಿ ಕಾಸಿ ಕೊಟ್ಟೆ. ಅವರು ಗೋಡೆಗೆ ಒರಗಿ ಕೂತು, ಕೇಳದೆಯೇ ಹೇಳಿದರು.

“ನಾನು ಮೊದಲು ಬಂದದ್ದು ಕಾಕನಕೋಟೆ ಕಡೆಗೆ. ಇಪ್ಪತ್ತನಾಲ್ಕು ವರ್ಷ ನಂಗೆ. ಶಾಲೆಯಲ್ಲಿ ಓಟದಲ್ಲಿ ನನ್ನ ಹಿಂದೆ ಹಾಕಿದವರಿಲ್ಲ ತಮ್ಮಾ, ಸ್ಟೀಲ್ ಲೋಟ ಕೊಟ್ಟಿದ್ರು. ಬಂದು ಎರಡು ತಿಂಗಳಿಗೆ ಒಬ್ಬ ಬಂದ. ಓಡಿ ಬನ್ನಿ, ಓಡಿ ಬನ್ನಿ. ಆ ಮಾತು ನಂಗೆ ಗೊತ್ತಲ್ಲ? ಓಡಿದೆ. ಅವನಿಗಿಂತ ಮುಂದೆ ಓಡಿದೆ. ರಾಗಿ ಹೊಲದ ಬದು ಹಾರುವಾಗ ಕಾಲು ಜಾರ್ತು. ಬ್ಯಾಗು ಕಲ್ಲಿನ ಮೇಲೆ ಬಿತ್ತು. ಎದ್ದು ಮತ್ತೆ ಓಡಿದೆ, ತೆಗೆದು ನೋಡ್ಲಿಲ್ಲ. ಎಲ್ಲರಿಗಿಂತ ಬೇಗ ಹೋಗಿ ಮುಟ್ಟಿದೆ. ಮಗು ಬಂತು. ಆಮೇಲೆ ರಕ್ತ. ಬ್ಯಾಗಿಗೆ ಕೈ ಹಾಕಿದ್ರೆ ಕೈಗೆ ಗಾಜು ಚುಚ್ಚಿತು. ಎರಡು ಶೀಷೆನೂ ಒಡೆದಿತ್ತು. ಎಂಡೆ ದೈವಮೇ, ಮದ್ದು ಎಲ್ಲಾ ಹತ್ತಿ ಕುಡಿದುಬಿಟ್ಟಿತ್ತು. ಆ ಹುಡುಗಿ ನನ್ನ ಕೈ ಹಿಡ್ಕೊಂಡೇ ಹೋದ್ಲು. ನನ್ನ ವಯಸ್ಸೇ ಅವಳಿಗೂ.”

ಕಾಫಿ ಕುಡಿದು ಲೋಟ ಕೆಳಗಿಟ್ಟರು. “ಅವತ್ತು ಎಲ್ರೂ ನನ್ನ ಹೊಗಳಿದ್ರು ಗೊತ್ತಾ? ಪಾಪ, ನರ್ಸಮ್ಮ ಎಷ್ಟು ಓಡಿ ಬಂದ್ಲು ಅಂತ” ಎಂದರು.

ಇದನ್ನು ವಿಚಾರಣೆಯ ದಿನ ಹೇಳಬಹುದಿತ್ತಲ್ಲ ಎಂದೆ. “ಮಗು ಕಳ್ಕೊಂಡವನ ಮುಂದೆ ನನ್ನ ಕತೆ ಹೇಳೋದಾ?” ಎಂದು ಎದ್ದು, ಕೂಸು ನೋಡಲು ಒಳಗೆ ಹೋದರು.

ಅದೇ ಸಮಯ. ಅಡಿಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ‘ಸಿಸ್ಟರ್, ಅವತ್ತು ನನ್ನ ಗಾಡಿ ಇತ್ತು, ನಾನು ನಿಲ್ಲಿಸಬೇಕಾಗಿತ್ತು, ತಪ್ಪಾಯ್ತು’ ಅಂತ ಹೇಳಿಬಿಡಬಹುದಿತ್ತು. ನಾನು ಲೋಟ ತೊಳೆಯುತ್ತಾ ನಿಂತೆ. ಒಂದು ಲೋಟ ತೊಳೆಯಲು ಎಷ್ಟು ಹೊತ್ತು ಬೇಕು? ಅವರು ಹೊರಟುಹೋಗುವ ತನಕ ತೊಳೆದೆ.

ಬಾಣಂತನ ಮುಗಿಯುವ ಹೊತ್ತಿಗೆ ಹೆಂಡತಿಗೆ ಎಲ್ಲ ಹೇಳಿಕೊಂಡೆ. ಅವಳು ಬಹಳ ಹೊತ್ತು ಮಗುವಿನ ಬೆನ್ನು ತಟ್ಟುತ್ತಿದ್ದಳು. ಆಮೇಲೆ, “ನಂಗ್ಯಾಕೆ ಹೇಳ್ತೀರಿ? ಅವರ್ಗೋಗಿ ಹೇಳಿ” ಎಂದಳು. ಅಲ್ಲಿಂದ ಶುರು. ನಾನು ಸಿಸ್ಟರ್ ಜೊತೆ ಲಸಿಕೆಗೆ ಹೋಗಿ ಬಂದರೆ, ಮೀಟಿಂಗಿಗೆ ಹೋಗಿ ಬಂದರೆ, ಚಪ್ಪಲಿ ಬಿಡುವ ಮೊದಲೇ ಅವಳ ಪ್ರಶ್ನೆ: “ಹೇಳುದ್ರಾ?” ಇಲ್ಲ. ಇವತ್ತು ಜನ ಇದ್ರು. ಇವತ್ತು ಅವರಿಗೆ ಹುಷಾರಿರ್ಲಿಲ್ಲ. ಇವತ್ತು ಬಸ್ಸು ಬಂದುಬಿಡ್ತು. ನೆಪಕ್ಕೇನು ಬರ? ಮಗಳು ಅಂಬೆಗಾಲಿಟ್ಟಳು, ಓಡಿದಳು, ಶಾಲೆಗೆ ಹೋದಳು. ಅವಳು ಓಡಿ ಬಿದ್ದಾಗಲೆಲ್ಲ ಸಿಸ್ಟರ್ “ಮೆಲ್ಲೆ, ಮೆಲ್ಲೆ” ಎಂದು ಮಲಯಾಳದಲ್ಲಿ ಗದರುವರು.

ಸಿಸ್ಟರ್ ನಿವೃತ್ತರಾದರು. ಆಸ್ಪತ್ರೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ಎಲ್ಲರೂ ‘ದಕ್ಷ ಸೇವೆ’ ಎಂದು ಭಾಷಣ ಮಾಡಿದರು, ಮೆಮೊ ಕೊಟ್ಟ ಕಚೇರಿಯವರೂ ಮಾಡಿದರು. ಆ ಅರ್ಜಿ ಕೊಟ್ಟ ಊರಿನಿಂದ ಕೂಸಿನ ಅಪ್ಪನೂ ಬಂದು ಹಿಂದೆ ನಿಂತಿದ್ದ. ಅವನ ಮುಂದಿನ ಎರಡು ಮಕ್ಕಳನ್ನು ಹಿಡಿದದ್ದು ಸಿಸ್ಟರ್ ಕೈಯೇ. ಸಭೆ ಮುಗಿದ ಮೇಲೆ ಹೊಸ ನರ್ಸಮ್ಮನನ್ನು ಕೂರಿಸಿಕೊಂಡು ಬ್ಯಾಗಿನ ಬಾಯಿ ತೆರೆದರು. ಹತ್ತಿ, ದಾರ, ಬ್ಲೇಡು, ಸಿರಿಂಜು, ಶೀಷೆ. ಆ ಹುಡುಗಿಯ ಬ್ಯಾಗು ಹಿಡಿಯುವ ಕೈಯನ್ನು ತಿದ್ದಿ, ಒಂದು ಅಂಗೈಯನ್ನು ತಳಕ್ಕೆ ಇಡಿಸಿದರು.

ಮಾನಂತವಾಡಿ ಬಸ್ಸು ಹತ್ತಿಸಲು ಎಚ್.ಡಿ. ಕೋಟೆಯ ಬಸ್‌ಸ್ಟ್ಯಾಂಡಿಗೆ ನಾನೊಬ್ಬನೇ ಹೋದೆ. ಮನೆಯಿಂದ ಹೊರಡುವಾಗ ಹೆಂಡತಿ ಏನೂ ಹೇಳಲಿಲ್ಲ, ನೋಡಿದಳು ಅಷ್ಟೇ. ಟ್ರಂಕು, ಶಾಲು, ಹಣ್ಣಿನ ಬುಟ್ಟಿ ಎಲ್ಲ ಬಸ್ಸಿಗೆ ಹಾಕಿದೆ. ಡ್ರೈವರು ಕಾಣಲಿಲ್ಲ. ಸಿಸ್ಟರ್ ಇಳಿದು ನನ್ನ ಜೊತೆ ಟೀ ಅಂಗಡಿಯ ಹತ್ತಿರ ನಿಂತರು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ.

“ಸಿಸ್ಟರ್, ಅವತ್ತು ದಾರೀಲಿ... ನನ್ನ ಗಾಡಿ...”

ಅವರು ಟೀ ಊದುತ್ತಿದ್ದವರು ಕಣ್ಣೆತ್ತಿದರು. ಯಾವತ್ತು, ಯಾವ ದಾರಿ ಅಂತ ಕೇಳಲೇ ಇಲ್ಲ.

“ಹಿಂದೆ ಮೂಟೆ ಇತ್ತಲ್ಲ ತಮ್ಮಾ” ಎಂದರು. “ಜಾಗ ಎಲ್ಲಿತ್ತು?”

ನಾನು ಅಲ್ಲ ಅಂತ ತಲೆ ಆಡಿಸಿದೆ, ಬಾಯಿ ತೆರೆದೆ. ಅಷ್ಟರಲ್ಲಿ ಹಾರನ್ನು. ಯಾವ ಮಾಯದಲ್ಲಿ ಬಂದು ಕೂತಿದ್ದನೋ ಡ್ರೈವರು, ಬಸ್ಸು ಆಗಲೇ ಹೊರಟು ತಿರುವಿನ ಹತ್ತಿರ ಹೋಗಿತ್ತು. “ಹೋಲ್ಡಾನ್! ಹೋಲ್ಡಾನ್!” ಎಂದು ನಾನು ಕಿರುಚಿದೆ. ಬಸ್‌ಸ್ಟ್ಯಾಂಡಿನಲ್ಲಿ ಅವರ ಕೈಯಲ್ಲಿ ಹೆತ್ತವರು ಎಷ್ಟು ಜನ ಇದ್ದರೋ, ಎಲ್ಲ ಕಡೆಯಿಂದ ಕೂಗು. “ಓಡಿ ಸಿಸ್ಟ್ರೇ, ಓಡಿ!” ನಾನು ಮಾತ್ರ, “ಬೇಡ, ಓಡಬೇಡಿ, ನಿಲ್ಲುಸ್ತಾರೆ” ಎಂದೆ.

ಸಿಸ್ಟರ್ ಲೋಟ ಕೆಳಗಿಟ್ಟರು. ತಮ್ಮ ಎರಡು ಕೈಯನ್ನೂ ಒಮ್ಮೆ ನೋಡಿಕೊಂಡರು. ಖಾಲಿ ಇದ್ದವು. ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದರು.

ಐವತ್ತೆಂಟು ವರ್ಷದ ಹೆಂಗಸು ಹಾಗೆ ಓಡಿದ್ದನ್ನು ನಾನು ನೋಡಿಲ್ಲ. ಚಪ್ಪಲಿ ಒಂದು ಕಡೆ ಹಾರಿತು, ಹಿಂದೆ ತಿರುಗಲಿಲ್ಲ. ಕಡಲೆಕಾಯಿ ಗಾಡಿ ದಾಟಿದರು, ಇಬ್ಬರು ಕಾಲೇಜು ಹುಡುಗರನ್ನು ಹಿಂದೆ ಹಾಕಿದರು. ಕಂಡಕ್ಟರ್ ಬಾಗಿಲಲ್ಲಿ ಬಗ್ಗಿ ಕೈ ಕೊಟ್ಟ. ಹತ್ತಿದ ಮೇಲೆ ಕಂಬಿ ಹಿಡಿದು ಹೊರಗೆ ತಲೆ ಹಾಕಿ ನಕ್ಕರು, ಬಾಯಿ ತುಂಬ, ಸ್ಟೀಲ್ ಲೋಟ ಗೆದ್ದ ಹುಡುಗಿ ಹಾಗೇ ನಕ್ಕಿರಬೇಕು. ಮೂವತ್ತನಾಲ್ಕು ವರ್ಷ ಈ ಕಾಲನ್ನು ಕಟ್ಟಿ ಹಾಕಿಕೊಂಡು ನಡೆದರಲ್ಲ ಈ ತಾಯಿ ಎಂದು ನನಗೆ ಅಳು ಬಂತು. ಹಿಂದೆ ಓಡಿ ಹೋಗಿ ಬಸ್ಸು ನಿಲ್ಲಿಸಿ ಹೇಳಬಹುದಿತ್ತು. ಹುಟ್ಟಿದಾಗಿನಿಂದ ಓಡುತ್ತಲೇ ಇರುವ ನನ್ನ ಕಾಲು ಆ ಹೊತ್ತಿನಲ್ಲಿ ಏಳಲಿಲ್ಲ. ಅವರ ಚಪ್ಪಲಿ ಎತ್ತಿಕೊಂಡು ಮನೆಗೆ ಬಂದೆ.

ಹೆಂಡತಿ ಬಾಗಿಲಲ್ಲೇ ಇದ್ದಳು. “ಹೇಳುದ್ರಾ?”

“ಶುರು ಮಾಡ್ದೆ. ಅವರೇ ಮುಗಿಸ್ಬುಟ್ರು.”

“ಏನಂದ್ರು?”

“ಗಾಡಿ ಹಿಂದೆ ಮೂಟೆ ಇತ್ತಲ್ಲ, ಜಾಗ ಎಲ್ಲಿತ್ತು ಅಂದ್ರು.”

ಅವಳು ನನ್ನ ಕೈಯಲ್ಲಿದ್ದ ಒಂಟಿ ಚಪ್ಪಲಿ ತೆಗೆದುಕೊಂಡು ಗೋಡೆ ಪಕ್ಕ ಇಟ್ಟಳು. ಒಳಗೆ ಹೋಗುತ್ತಿದ್ದವಳು ನಿಂತು ಕೇಳಿದಳು.

“ಎಷ್ಟ್ ತೂಕ ಇತ್ತು ಆ ಮೂಟೆ?”

“ಹತ್ತು ಕೇಜಿ” ಎಂದೆ.